ಗುಂಯ್ ಸದ್ದನ್ನು ತೆಗೆಯುವಾಗ ದನಿ ಕೆಡದಿರಲು

ಪ್ರಶ್ನೆ: ನಮ್ಮ ಅಜ್ಜ ಗಮಕ ವಾಚನ ಮಾಡುತ್ತಿದ್ದರು. 1980ರ ದಶಕದಲ್ಲಿ ಮನೆಯಲ್ಲೇ ಮುದ್ರಿಸಿಕೊಂಡ ಕೆಲವು ಕ್ಯಾಸೆಟ್‌ಗಳು ನಮ್ಮಲ್ಲಿ ಉಳಿದಿವೆ. ಟೇಪ್ ಡೆಕ್ಕಿನ ಹೆಡ್‌ಫೋನ್ ಸಾಕೆಟ್ಟಿನಿಂದ ಲ್ಯಾಪ್‌ಟಾಪಿನ ಮೈಕ್ ಸಾಕೆಟ್ಟಿಗೆ ವೈರ್ ಜೋಡಿಸಿ ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಉದ್ದಕ್ಕೂ ಗುಂಯ್ ಎನ್ನುವ ಸದ್ದು, ಅದರ ಮೇಲೆ ಸುಯ್ ಎನ್ನುವ ಸದ್ದು, ಹಿಂದೆ ಫ್ಯಾನು. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ನಾಯ್ಸ್ ರಿಡಕ್ಷನ್ ಹಾಕಿದರೆ ಸದ್ದು ಹೋಗುತ್ತದೆ. ಆದರೆ ಅಜ್ಜನ ದನಿ ನೀರಿನೊಳಗಿಂದ ಬಂದಂತೆ ಕೇಳಿಸುತ್ತದೆ, ಶ್ರುತಿಯೂ ಅರ್ಧ ಮಾಯವಾಗುತ್ತದೆ. ಸರಿಯಾದ ಕ್ರಮ ಯಾವುದು?
— ಸಾಗರದ ಓದುಗರೊಬ್ಬರು

ಉತ್ತರ: ನಿಮ್ಮ ಮುದ್ರಣದಲ್ಲಿರುವುದು ಮೂರು ಬೇರೆ ಬೇರೆ ಮೂಲಗಳಿಂದ ಬಂದ ಮೂರು ಸದ್ದುಗಳು. ಅವು ಮೂರನ್ನೂ ನೀವು ಒಂದೇ ಉಪಕರಣದಿಂದ, ಒಂದೇ ಸಲಕ್ಕೆ, ಪೂರ್ತಿಯಾಗಿ ತೆಗೆಯಲು ನೋಡಿದ್ದೀರಿ. ದನಿ ಕೆಟ್ಟದ್ದು ಅದರಿಂದ. ಗುಂಯ್ ಸದ್ದಿಗೆ ಒಂದು ಚಿಕಿತ್ಸೆ, ಟೇಪಿನ ಸುಯ್ ಸದ್ದಿಗೆ ಇನ್ನೊಂದು, ಫ್ಯಾನಿಗೆ ಬಹುಮಟ್ಟಿಗೆ ತಾಳ್ಮೆಯೇ ಚಿಕಿತ್ಸೆ. ಅದಕ್ಕೂ ಮೊದಲು, ಆ ಗುಂಯ್ ಸದ್ದಿನಲ್ಲಿ ಎಷ್ಟು ಭಾಗ ಕ್ಯಾಸೆಟ್ಟಿನೊಳಗಿದೆ, ಎಷ್ಟು ಭಾಗ ನೀವು ಇಳಿಸಿಕೊಳ್ಳುವಾಗ ಹೊಸದಾಗಿ ಸೇರಿದೆ ಎಂಬುದನ್ನು ತಿಳಿಯಬೇಕು. ಹೊಸದಾಗಿ ಸೇರಿದ ಭಾಗವನ್ನು ತಂತ್ರಾಂಶದಲ್ಲಿ ತೆಗೆಯುವ ಪ್ರಶ್ನೆಯೇ ಏಳುವುದಿಲ್ಲ. ಅದು ಬರುವುದನ್ನೇ ತಡೆದು ಕ್ಯಾಸೆಟ್ಟನ್ನು ಮತ್ತೊಮ್ಮೆ ಇಳಿಸಿಕೊಳ್ಳಬೇಕು.

ಇದರ ಪರೀಕ್ಷೆ ಸುಲಭ. ಡೆಕ್ಕಿನಲ್ಲಿ ಕ್ಯಾಸೆಟ್ ಇಲ್ಲದೆ ಪ್ಲೇ ಒತ್ತಿ, ಅರ್ಧ ನಿಮಿಷ ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳಿ. ಕ್ಯಾಸೆಟ್ ಇಲ್ಲದೆ ಓಡದ ಡೆಕ್ಕಾದರೆ ಏನೂ ಮುದ್ರಿಸದ ಹೊಸ ಕ್ಯಾಸೆಟ್ ಹಾಕಿ. ಆಗಲೂ ಗುಂಯ್ ಎಂದು ಕೇಳಿಸಿದರೆ ಅದು ಇವತ್ತಿನ ಸದ್ದು. ಈಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಬಹಳಷ್ಟು ಮನೆಗಳಲ್ಲಿ ಮುಕ್ಕಾಲು ಸಮಸ್ಯೆ ಇಲ್ಲಿಯೇ ಮುಗಿಯುತ್ತದೆ, ಏಕೆಂದರೆ ಡೆಕ್ಕು ಮತ್ತು ಲ್ಯಾಪ್‌ಟಾಪ್ ಎರಡೂ ಕರೆಂಟಿಗೆ ಸೇರಿದ್ದಾಗ ಅವುಗಳ ನಡುವಿನ ಆಡಿಯೋ ವೈರಿನ ಶೀಲ್ಡಿನಲ್ಲಿ, ಅಂದರೆ ಹೊರಸುತ್ತಿನ ಲೋಹದ ಹೊದಿಕೆಯಲ್ಲಿ, ಸಣ್ಣದೊಂದು ಕರೆಂಟು ಹರಿದು ಅದೇ ಸದ್ದಾಗುತ್ತದೆ. ಆಗಲೂ ಉಳಿದರೆ ಟ್ಯೂಬ್‌ಲೈಟ್ ಮತ್ತು ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಆರಿಸಿ, ಡೆಕ್ಕನ್ನು ಚಾರ್ಜರ್, ಅಡಾಪ್ಟರುಗಳಿಂದ ದೂರವಿಟ್ಟು, ಅದರ ದಿಕ್ಕನ್ನು ಬದಲಿಸಿ ನೋಡಿ. ಯಾವುದಕ್ಕೂ ಬಗ್ಗದಿದ್ದರೆ ಆಡಿಯೋ ವೈರಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿ ಸಿಗುತ್ತದೆ. ಆದರೆ ಸದ್ದು ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ನನ್ನು ಕತ್ತರಿಸುವ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ. ಅದು ಜೀವಕ್ಕೆ ಅಪಾಯ.

ಮೈಕ್ ಸಾಕೆಟ್ಟನ್ನೂ ಬಿಟ್ಟುಬಿಡಿ. ಅದು ಸಾಮಾನ್ಯವಾಗಿ ಒಂದೇ ಚಾನೆಲ್ಲಿನದು. ಅದಕ್ಕಿಂತ ಮುಖ್ಯವಾಗಿ, ಮಾತನ್ನು ಸುಧಾರಿಸುವ ಹೆಸರಿನಲ್ಲಿ ಕಂಪ್ಯೂಟರೇ ನಿಮಗೆ ಹೇಳದೆ ಸದ್ದನ್ನು ಏರಿಳಿಸುವುದುಂಟು. ಲೈನ್ ಇನ್ ಸಾಕೆಟ್ ಇರುವ ಸಾಧಾರಣ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದರೆ ಹೊರಗಿನ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಡಬ್ಬಿ, ತಂದು, ಡೆಕ್ಕಿನ ಲೈನ್ ಔಟ್‌ನಿಂದ ಅದಕ್ಕೆ ಜೋಡಿಸಿ. 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ಮುದ್ರಿಸಿ, ವೇವ್ ಕಡತವಾಗಿ ಉಳಿಸಿ. ಧ್ವನಿ ಸಂಗ್ರಹಾಲಯಗಳು ಕನಿಷ್ಠವೆಂದು ಒಪ್ಪಿಕೊಂಡಿರುವ ಅಳತೆಯೂ ಇದೇ. ಅತಿ ದೊಡ್ಡ ದನಿ ಕೂಡ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಟ್ಟುಕೊಳ್ಳಿ.

ಕ್ಯಾಸೆಟ್ಟಿನ ಕಡೆಯಿಂದಲೂ ಎರಡು ಕೆಲಸಗಳಿವೆ. ಟೇಪಿಗೆ ತಾಗಿ ಅದನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಆಮೇಲೆ ಹೆಡ್ಡಿನ ಪಕ್ಕದಲ್ಲಿರುವ, ಸ್ಪ್ರಿಂಗ್ ಕೂತ ಸಣ್ಣ ಸ್ಕ್ರೂವನ್ನು, ಅಂದರೆ ಅಜಿಮತ್ ಸ್ಕ್ರೂವನ್ನು, ಕ್ಯಾಸೆಟ್ ಓಡುತ್ತಿರುವಾಗಲೇ ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ಸಕಾರಗಳು ಅತಿ ಹರಿತವಾಗಿ ಕೇಳಿಸುವ ಜಾಗದಲ್ಲಿ ನಿಲ್ಲಿಸಿ. ಅಂದು ಮುದ್ರಿಸಿದ ಯಂತ್ರದ ಹೆಡ್ಡು ಯಾವ ಓರೆಯಲ್ಲಿತ್ತೋ ಅದೇ ಓರೆಗೆ ನಿಮ್ಮ ಹೆಡ್ಡು ಬಂದಾಗ ಮಾತ್ರ ಮೇಲಿನ ಸ್ವರಾಂಶ, ಅಂದರೆ ದನಿಯ ಹರಿತವಾದ ಭಾಗ, ಪೂರ್ತಿ ಸಿಗುತ್ತದೆ. ಇಲ್ಲಿ ಕಳೆದುಕೊಂಡದ್ದನ್ನು ಯಾವ ತಂತ್ರಾಂಶವೂ ಹಿಂದಕ್ಕೆ ತಂದುಕೊಡಲಾರದು, ಆದ್ದರಿಂದ ಇದನ್ನು ಕ್ಯಾಸೆಟ್ ಬದಲಾದಾಗಲೆಲ್ಲ ಮಾಡಬೇಕು. ಡೆಕ್ಕಿನ ಡಾಲ್ಬಿ ಗುಂಡಿ ಆಫ್ ಆಗಿರಲಿ. ಡಾಲ್ಬಿ ಎಂಬುದು ಮುದ್ರಿಸುವಾಗ ಮೇಲಿನ ಸ್ವರಾಂಶವನ್ನು ಏರಿಸಿ, ನುಡಿಸುವಾಗ ಅಷ್ಟೇ ಇಳಿಸುವ ಜೋಡಿ ವ್ಯವಸ್ಥೆ. ಮನೆಯ ಸಾಧಾರಣ ಟೇಪ್ ರೆಕಾರ್ಡರಿನಲ್ಲಿ ಏರಿಸುವ ಕೆಲಸ ನಡೆದಿರುವುದಿಲ್ಲವಾದ್ದರಿಂದ ಈಗ ಇಳಿಸಿದರೆ ದನಿ ಮಂಕಾಗುವುದಷ್ಟೇ ಫಲ. ಅಜ್ಜನ ಯಂತ್ರ ಒಂದೇ ಸ್ಪೀಕರಿನ ಮೋನೋ ಯಂತ್ರವಾಗಿದ್ದರೆ ನಿಮ್ಮ ಸ್ಟೀರಿಯೋ ಡೆಕ್ಕಿನ ಎರಡೂ ಚಾನೆಲ್‌ಗಳಲ್ಲಿ ಬರುವುದು ಒಂದೇ ವಾಚನ. ಅವೆರಡನ್ನೂ ಕೂಡಿಸಿ ಮೋನೋ ಮಾಡಿ. ದನಿ ಎರಡರಲ್ಲೂ ಒಂದೇ ಆಗಿದ್ದು ಸುಯ್ ಸದ್ದು ಮಾತ್ರ ಬೇರೆ ಬೇರೆಯಾಗಿರುವುದರಿಂದ, ಯಾವ ಫಿಲ್ಟರೂ ಇಲ್ಲದೆ ಸುಮಾರು 3 ಡೆಸಿಬೆಲ್ ಲಾಭವಾಗುತ್ತದೆ. ಅಜಿಮತ್ ಸರಿಯಿಲ್ಲದೆ ಕೂಡಿಸಿದರೆ ಮಾತ್ರ ಸಕಾರಗಳು ಒಂದನ್ನೊಂದು ಅಳಿಸಿಹಾಕುತ್ತವೆ.

ಇನ್ನು ಕ್ಯಾಸೆಟ್ಟಿನೊಳಗೇ ಕೂತಿರುವ ಗುಂಯ್ ಸದ್ದಿಗೆ ಬರುತ್ತೇನೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಆಂದೋಲಿಸುತ್ತದೆ. ಆದ್ದರಿಂದ ಈ ಸದ್ದು 50 ಹರ್ಟ್ಜ್‌ನಲ್ಲಿಯೂ ಅದರ ಗುಣಕಗಳಾದ 100, 150, 200, 250, 300 ಹರ್ಟ್ಜ್‌ಗಳಲ್ಲಿಯೂ ಇರುತ್ತದೆ. ನಿಮ್ಮ ಕಿವಿಗೆ ಗುಂಯ್ ಎಂದು ಬೀಳುವುದು ಹೆಚ್ಚಾಗಿ ಈ ಗುಣಕಗಳೇ. 50 ಹರ್ಟ್ಜ್‌ಗೆ ನಮ್ಮ ಕಿವಿ ಅಷ್ಟಾಗಿ ಚುರುಕಲ್ಲ, ಮೊಬೈಲು ಮತ್ತು ಲ್ಯಾಪ್‌ಟಾಪಿನ ಸ್ಪೀಕರುಗಳಂತೂ ಅದನ್ನು ನುಡಿಸುವುದೇ ಇಲ್ಲ. 50 ಒಂದನ್ನೇ ತೆಗೆದು ಏನೂ ಬದಲಾಗಲಿಲ್ಲ ಎಂದು ಬೇಸರಪಡುವವರು ಬಹಳ ಮಂದಿ. 70 ಹರ್ಟ್ಜ್‌ನ ಹೈ ಪಾಸ್ ಫಿಲ್ಟರ್ (70ಕ್ಕಿಂತ ಕೆಳಗಿನದನ್ನು ತಗ್ಗಿಸುವ ಫಿಲ್ಟರ್) ಹಾಕಿದರೆ 50ರ ಬಲ ಕುಗ್ಗುತ್ತದೆ, ಯಂತ್ರದ ಗುಡುಗುಡುವೂ ಅದರೊಂದಿಗೇ ಹೋಗುತ್ತದೆ. ಗಂಡಸಿನ ದನಿ ಅಷ್ಟು ಕೆಳಗೆ ಇಳಿಯುವುದು ಅಪರೂಪವಾದ್ದರಿಂದ ನಷ್ಟವಿಲ್ಲ. ಕಷ್ಟವಿರುವುದು 100, 150, 200ರಲ್ಲಿ. ವಾಚನಕಾರರ ದನಿಯ ಮೂಲಸ್ವರ ಓಡಾಡುವ ಜಾಗವೂ ಅದೇ.

ಕ್ಯಾಸೆಟ್ಟಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮುದ್ರಿಸಿದ ಯಂತ್ರ ಮತ್ತು ನಿಮ್ಮ ಡೆಕ್ಕು ಒಂದೇ ವೇಗದಲ್ಲಿ ಓಡುವುದಿಲ್ಲವಾದ್ದರಿಂದ, ಒಳಗಿನ ಗುಂಯ್ ಸದ್ದು ಈಗ 50ರಲ್ಲಿ ಇರಬೇಕೆಂದಿಲ್ಲ. ವೇಗ ಶೇಕಡ 3ರಷ್ಟು ಹೆಚ್ಚಿದ್ದರೆ ಅದು 51.5ರಲ್ಲಿಯೂ, ಅದರ ಆರನೆಯ ಗುಣಕ 309ರಲ್ಲಿಯೂ ಕಾಣಿಸುತ್ತದೆ. ಹೀಗಿರುವಾಗ 50, 100, 150 ಎಂದು ಲೆಕ್ಕದಂತೆ ಫಿಲ್ಟರ್ ಹಾಕಿದರೆ ಅವು ಖಾಲಿ ಜಾಗವನ್ನು ಕತ್ತರಿಸುತ್ತವೆ, ಸದ್ದು ಪಕ್ಕದಲ್ಲೇ ಉಳಿಯುತ್ತದೆ. ಅದಕ್ಕಾಗಿ ಮೊದಲು ಅಳೆಯಿರಿ. ಯಾರೂ ಮಾತನಾಡದ ಎರಡು ಮೂರು ಸೆಕೆಂಡನ್ನು ಆರಿಸಿಕೊಂಡು, ಅನಲೈಸ್ ಪಟ್ಟಿಯಲ್ಲಿರುವ ಪ್ಲಾಟ್ ಸ್ಪೆಕ್ಟ್ರಮ್ ತೆರೆದು, ಸೈಜ್ ಎಂಬಲ್ಲಿ 65536 ಆರಿಸಿ. ಆಗ ಒಂದು ಹರ್ಟ್ಜ್‌ಗಿಂತಲೂ ಸಣ್ಣ ವ್ಯತ್ಯಾಸ ಕಾಣುತ್ತದೆ. ಸಾಲಾಗಿ ನಿಂತ ಶಿಖರಗಳ ಮೇಲೆ ಕರ್ಸರ್ ಇಟ್ಟು ಅವುಗಳ ಆವರ್ತನವನ್ನು ಬರೆದುಕೊಳ್ಳಿ. ಸರಿಯಾಗಿ 50ರ ಗುಣಕಗಳಲ್ಲಿ ಒಂದು ಸಾಲು, ಅದರ ಪಕ್ಕದಲ್ಲಿ ತುಸು ಸರಿದ ಇನ್ನೊಂದು ಸಾಲು ಕಂಡರೆ, ಮೊದಲನೆಯದು ಇವತ್ತಿನ ಕರೆಂಟು, ಎರಡನೆಯದು ಅಂದಿನ ಕರೆಂಟು.

ಹಾಗಾದರೆ ಆ ಸರಿದ ಸಾಲನ್ನೇ ಅಳತೆಗೋಲು ಮಾಡಿಕೊಂಡು ಟೇಪಿನ ವೇಗವನ್ನು ತಿದ್ದಬಹುದಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಉಪಾಯವೇ ಸರಿ, ಆದರೆ 1980ರ ದಶಕದ ಕರ್ನಾಟಕದ ಮುದ್ರಣಕ್ಕೆ ಅದನ್ನು ಕಣ್ಣುಮುಚ್ಚಿ ನಂಬಬಾರದು. ಆಗ ದಕ್ಷಿಣದ ವಿದ್ಯುತ್ ಜಾಲ ಪ್ರತ್ಯೇಕವಾಗಿತ್ತು (ಅದು ದೇಶದ ಉಳಿದ ಜಾಲದೊಂದಿಗೆ ಕೂಡಿದ್ದು 2013ರ ಡಿಸೆಂಬರ್ 31ರಂದು), ಬೇಡಿಕೆ ಹೆಚ್ಚಾದಾಗ ಅದರ ಆವರ್ತನ 50ಕ್ಕಿಂತ ಸಾಕಷ್ಟು ಕೆಳಗೆ ಇಳಿಯುತ್ತಿತ್ತು. ನಿಮ್ಮಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇದೆ, ಅದು ಶ್ರುತಿ. ಅಜ್ಜ ಬಳಸುತ್ತಿದ್ದ ಶ್ರುತಿಪೆಟ್ಟಿಗೆ ಇನ್ನೂ ಮನೆಯಲ್ಲಿದ್ದರೆ ಅದರ ಷಡ್ಜವನ್ನು ಮುದ್ರಿಸಿ, ಅದೇ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ಅಳೆದು, ಕ್ಯಾಸೆಟ್ಟಿನ ಷಡ್ಜ ಅದಕ್ಕೆ ಕೂಡುವಷ್ಟು ವೇಗವನ್ನು ಚೇಂಜ್ ಸ್ಪೀಡ್‌ನಲ್ಲಿ ತಿದ್ದಿ. ಅವರ ಕಂಠವನ್ನು ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಹೌದು ಎಂದರೆ ಇನ್ನೂ ಒಳ್ಳೆಯದು.

ಈಗ ನಾಚ್ ಫಿಲ್ಟರ್. ಇದು ಒಂದೇ ಆವರ್ತನದ ಸುತ್ತ ಕಿರಿದಾದ ಕೊರೆತ ಹಾಕುತ್ತದೆ. ಆಡಾಸಿಟಿಯ ಫಿಲ್ಟರಿನಲ್ಲಿ ತಾನಾಗಿ ಕಾಣುವ 60 ಅಮೆರಿಕದ ಕರೆಂಟಿನದು. ಅದನ್ನು ಅಳಿಸಿ ನೀವು ಅಳೆದು ಬರೆದುಕೊಂಡ ಅಂಕಿಯನ್ನು ಹಾಕಿ (ವೇಗವನ್ನು ತಿದ್ದಿದ್ದರೆ ಶಿಖರಗಳೂ ಸರಿದಿರುತ್ತವೆ, ಅವನ್ನು ಮತ್ತೊಮ್ಮೆ ಅಳೆಯಿರಿ). ಅಲ್ಲಿ ಕ್ಯೂ ಎಂಬ ಇನ್ನೊಂದು ಅಂಕಿ ಇದೆ. ಆವರ್ತನವನ್ನು ಕ್ಯೂನಿಂದ ಭಾಗಿಸಿದರೆ ಕೊರೆತದ ಅಗಲ ಸಿಗುತ್ತದೆ. ಎಲ್ಲ ಗುಣಕಗಳಿಗೂ ಒಂದೇ ಕ್ಯೂ ಇಟ್ಟರೆ ಮೇಲೆ ಹೋದಂತೆ ಕೊರೆತ ಅಗಲವಾಗುತ್ತದೆ ಎಂಬುದನ್ನು ಗಮನಿಸಿ. ಕ್ಯೂ 30 ಆದಾಗ 100ರಲ್ಲಿ ಅಗಲ ಸುಮಾರು 3.3 ಹರ್ಟ್ಜ್ ಇದ್ದರೆ 200ರಲ್ಲಿ 6.7 ಹರ್ಟ್ಜ್. ಗಮಕಕ್ಕೆ ಇದು ಸಣ್ಣ ವಿಷಯವಲ್ಲ. ಹಾರ್ಮೋನಿಯಮ್ಮಿನ ಬಿಳಿ ಒಂದನ್ನು ಶ್ರುತಿಯಾಗಿ ಹಿಡಿದರೆ ಷಡ್ಜ ಸುಮಾರು 131 ಹರ್ಟ್ಜ್, ಪಂಚಮ 196 ಹರ್ಟ್ಜ್. ಗುಂಯ್ ಸದ್ದಿನ 200ಕ್ಕೂ ಆ ಪಂಚಮಕ್ಕೂ ನಡುವೆ ಇರುವುದು ನಾಲ್ಕೇ ಹರ್ಟ್ಜ್. ಅಗಲವಾದ ಕೊರೆತ ಹಾಕಿದರೆ ಮೊದಲು ಸೊರಗುವುದು ಪಂಚಮ. ಆದ್ದರಿಂದ 200ಕ್ಕೆ ಕ್ಯೂ ಅನ್ನು 100ಕ್ಕೆ ಏರಿಸಿ, ಅಗಲವನ್ನು 2 ಹರ್ಟ್ಜ್‌ಗೆ ಇಳಿಸಿ. ಟೇಪಿನ ಓಟ ನಡುಗುತ್ತಿದ್ದು ಸದ್ದು ಆ ಕೊರೆತದಿಂದ ಹೊರಗೆ ಜಾರುತ್ತಿದ್ದರೆ, ಆ ಒಂದು ಗುಣಕವನ್ನು ಹಾಗೆಯೇ ಬಿಡುವುದು ನನ್ನ ಪದ್ಧತಿ. ಸ್ಪೆಕ್ಟ್ರಮ್‌ನಲ್ಲಿ ನಿಜವಾಗಿ ಎದ್ದು ಕಾಣುವ ಶಿಖರಗಳಿಗೆ ಮಾತ್ರ ಫಿಲ್ಟರ್ ಹಾಕಿ. ಸಾಮಾನ್ಯವಾಗಿ ನಾಲ್ಕೈದು ಸಾಕು. ಹತ್ತಿಪ್ಪತ್ತು ಹಾಕಿದರೆ ಮಾತಿನ ಕೊನೆಯಲ್ಲಿ ಲೋಹದ ಪಾತ್ರೆಯ ಅನುರಣನದಂಥ ಸದ್ದು ಅಂಟಿಕೊಳ್ಳುತ್ತದೆ. ಹಣ ಕೊಟ್ಟು ಕೊಳ್ಳುವ ಇಜೋಟೋಪ್ ಆರ್‌ಎಕ್ಸ್‌ನಂಥ ತಂತ್ರಾಂಶದಲ್ಲಿ ಈ ಕೆಲಸಕ್ಕೆಂದೇ ಡಿ-ಹಮ್ ಎಂಬ ವಿಭಾಗವಿದೆ, ಸಮಯ ಉಳಿಯುತ್ತದೆ. ಆದರೆ ತತ್ತ್ವ ಇದೇ.

ಗುಂಯ್ ಸದ್ದು ಹೋದ ಮೇಲೆ ಮಾತ್ರ ನಾಯ್ಸ್ ರಿಡಕ್ಷನ್‌ಗೆ ಬನ್ನಿ. ಅದು ಕೆಲಸ ಮಾಡುವ ರೀತಿ ತಿಳಿದರೆ ನಿಮ್ಮ ಶ್ರುತಿ ಏಕೆ ಮಾಯವಾಯಿತು ಎಂಬುದು ತಾನಾಗಿ ಅರ್ಥವಾಗುತ್ತದೆ. ತಂತ್ರಾಂಶ ಧ್ವನಿಯನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಸುಮಾರು ಸಾವಿರ ಆವರ್ತನ ಪಟ್ಟಿಗಳಾಗಿ ಬಿಡಿಸುತ್ತದೆ. ನೀವು ತೋರಿಸಿದ ಮಾದರಿ ಸದ್ದಿನಲ್ಲಿ ಪ್ರತಿ ಪಟ್ಟಿಯ ಮಟ್ಟ ಎಷ್ಟಿತ್ತೆಂದು ನೆನಪಿಟ್ಟುಕೊಂಡು, ವಾಚನದಲ್ಲಿ ಯಾವ ಪಟ್ಟಿ ಆ ಮಟ್ಟವನ್ನು ಸ್ಪಷ್ಟವಾಗಿ ದಾಟುವುದಿಲ್ಲವೋ ಅದನ್ನೆಲ್ಲ ತಗ್ಗಿಸುತ್ತದೆ. ಇದರ ಮೂಲ ವಿಚಾರವನ್ನು ಸ್ಟೀವನ್ ಬೋಲ್ 1979ರಲ್ಲಿ ಪ್ರಕಟಿಸಿದರು. ಅಂದಿನಿಂದಲೂ ಅದರೊಂದಿಗೆ ಬಂದ ದೋಷವೇ ನೀವು ಕೇಳಿದ ನೀರಿನ ಗುಳುಗುಳು. ಸುಯ್ ಸದ್ದು ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ ಅಲ್ಲೊಂದು ಇಲ್ಲೊಂದು ಪಟ್ಟಿ ಮಟ್ಟ ದಾಟಿ ಒಂಟಿಯಾಗಿ ಮಿನುಗಿ ಮರೆಯಾಗುತ್ತದೆ. ಸುತ್ತಲಿನದನ್ನೆಲ್ಲ ಪೂರ್ತಿ ಅಳಿಸಿದ್ದರೆ ಆ ಮಿನುಗು ಎದ್ದು ಕೇಳಿಸುತ್ತದೆ, ಸ್ವಲ್ಪ ಸುಯ್ ಸದ್ದು ಉಳಿದಿದ್ದರೆ ಅದರಲ್ಲಿ ಮುಚ್ಚಿಹೋಗುತ್ತದೆ. ಇನ್ನು, ಒಂದೊಂದು ಪಟ್ಟಿಯ ಅಗಲ 20 ಹರ್ಟ್ಜ್‌ಗಿಂತ ಹೆಚ್ಚು. ಹಾಗಾಗಿ 196ರ ಪಂಚಮ ಮತ್ತು 200ರ ಗುಂಯ್ ಸದ್ದು ಒಂದೇ ಪಟ್ಟಿಗೆ ಬಿದ್ದು, ಒಂದನ್ನು ತಗ್ಗಿಸಿದಾಗ ಇನ್ನೊಂದೂ ತಗ್ಗಿತು. ಮಾದರಿಯಲ್ಲಿಯೇ ಶ್ರುತಿ ಕೇಳುತ್ತಿದ್ದರಂತೂ, ಎಡೆಬಿಡದೆ ಒಂದೇ ಸಮನೆ ನಿಲ್ಲುವ ಆ ಸ್ವರವನ್ನು ತಂತ್ರಾಂಶ ತೆಗೆಯಬೇಕಾದ ಸದ್ದೆಂದೇ ತಿಳಿಯುತ್ತದೆ.

ಹಾಗಾಗಿ ಮಾದರಿಯ ಆಯ್ಕೆಯೇ ಇಲ್ಲಿನ ಅರ್ಧ ಕೆಲಸ. ಶ್ರುತಿ ಆರಂಭವಾಗುವ ಮೊದಲು ಅಥವಾ ಅದು ನಿಂತ ಮೇಲೆ, ಟೇಪು ಓಡುತ್ತಿರುವ ಒಂದೆರಡು ಸೆಕೆಂಡು ಸಿಕ್ಕರೆ ಅದನ್ನು ಆರಿಸಿ. ಆದರೆ ಮನೆಯ ಟೇಪ್ ರೆಕಾರ್ಡರುಗಳಲ್ಲಿ ಮುದ್ರಣದ ಮಟ್ಟವನ್ನು ತಾನಾಗಿ ಹೊಂದಿಸುವ ವ್ಯವಸ್ಥೆ ಇರುತ್ತಿತ್ತು. ವಾಚನ ನಡೆಯುವಾಗ ಅದು ಮಟ್ಟವನ್ನು ಇಳಿಸುತ್ತದೆ, ಮೌನ ಬಂದೊಡನೆ ಮೆಲ್ಲನೆ ಏರಿಸುತ್ತದೆ. ಷಟ್ಪದಿಯ ಪದ್ಯ ಮುಗಿದು ವ್ಯಾಖ್ಯಾನ ಶುರುವಾಗುವ ಮೊದಲಿನ ಬಿಡುವಿನಲ್ಲಿ ಕೋಣೆಯ ಸದ್ದು ಉಬ್ಬಿ ಬರುವುದನ್ನು ನೀವು ಗಮನಿಸಿರಬಹುದು, ಅದರ ಕಾರಣ ಇದೇ. ದೀರ್ಘ ಮೌನದಿಂದ ತೆಗೆದ ಮಾದರಿ, ದನಿಯ ಅಡಿಯಲ್ಲಿ ನಿಜವಾಗಿ ಇರುವ ಸದ್ದಿಗಿಂತ ಜೋರಾಗಿರುತ್ತದೆ. ಅದನ್ನು ಅಳತೆಯಾಗಿ ಕೊಟ್ಟರೆ ತಂತ್ರಾಂಶ ದನಿಯನ್ನೇ ಕತ್ತರಿಸಲು ತೊಡಗುತ್ತದೆ. ಮೈಕಿನಿಂದ ಬಂದ ಕೋಣೆಯ ಸದ್ದಿಗೆ ಇದು ಮುಖ್ಯವಾಗಿ ಅನ್ವಯಿಸುತ್ತದೆ. ಟೇಪಿನದೇ ಸುಯ್ ಸದ್ದು ಈ ವ್ಯವಸ್ಥೆಯ ಹಿಡಿತಕ್ಕೆ ಸಿಕ್ಕುವುದಲ್ಲ. ಆದ್ದರಿಂದ ಮೌನ ಶುರುವಾದ ಕೂಡಲೇ, ಮಟ್ಟ ಏರುವ ಮೊದಲಿನ ಅರ್ಧ ಸೆಕೆಂಡಾದರೂ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ನಾಯ್ಸ್ ರಿಡಕ್ಷನ್ ಪೆಟ್ಟಿಗೆಯಲ್ಲಿರುವ ಸೆನ್ಸಿಟಿವಿಟಿ ಎಂಬ ಅಂಕಿಯನ್ನು ಕಡಿಮೆ ಇಡಿ.

ತಗ್ಗಿಸುವ ಪ್ರಮಾಣವನ್ನು 6ರಿಂದ 8 ಡೆಸಿಬೆಲ್‌ಗೆ ಮಿತಿಗೊಳಿಸಿ. ಇಷ್ಟೇನಾ ಎನ್ನಿಸಬಹುದು. ಅನ್ವಯಿಸುವ ಮೊದಲು ಅದೇ ಪೆಟ್ಟಿಗೆಯಲ್ಲಿರುವ ರೆಸಿಡ್ಯೂ ಎಂಬ ಆಯ್ಕೆಯನ್ನು ಒತ್ತಿ ಪ್ರಿವ್ಯೂ ಕೇಳಿ, ಏಕೆಂದರೆ ಅಲ್ಲಿ ಕೇಳಿಸುವುದು ತೆಗೆದುಹಾಕಲಿರುವ ಭಾಗ ಮಾತ್ರ. ಅದರಲ್ಲಿ ಬರೀ ಸುಯ್ ಎಂದು ಇದ್ದರೆ ಸರಿ. ಅಜ್ಜನ ಮಾತಿನ ಚೂರುಗಳು ಕೇಳಿಸಿದರೆ ನೀವು ಅಷ್ಟರಮಟ್ಟಿಗೆ ಅವರನ್ನೇ ತೆಗೆಯುತ್ತಿದ್ದೀರಿ. ಮೊದಲು ಕೇಳಿಸುವ ಚೂರುಗಳು ಸಾಮಾನ್ಯವಾಗಿ ಶ, ಷ, ಸ ಮತ್ತು ಮಹಾಪ್ರಾಣಗಳ ಉಸಿರು. ಸಕಾರದ ಬಲವಿರುವುದು 4,000–5,000 ಹರ್ಟ್ಜ್‌ನಿಂದ ಮೇಲೆ, ಟೇಪಿನ ಸುಯ್ ಸದ್ದೂ ಅಲ್ಲಿಯೇ ಹೆಚ್ಚು ಕೇಳಿಸುತ್ತದೆ. ಸ್ವಭಾವದಲ್ಲಿ ಎರಡೂ ಒಂದೇ ಬಗೆಯ ಗಾಳಿಯ ಸದ್ದಾದ್ದರಿಂದ ಯಂತ್ರಕ್ಕೆ ಅವುಗಳ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಅಕ್ಷರಶುದ್ಧಿಗೆ ಪ್ರಾಣ ಕೊಡುವ ಗಮಕದಂಥ ಕಲೆಯಲ್ಲಿ ಶಕಾರ ಸಕಾರವಾಗಿ, ಧಕಾರ ದಕಾರವಾಗಿ ಕೇಳಿಸುವುದಕ್ಕಿಂತ ಒಂದಿಷ್ಟು ಸುಯ್ ಸದ್ದು ಉಳಿಯುವುದೇ ಮೇಲೆಂದು ನಾನು ದೃಢವಾಗಿ ನಂಬುತ್ತೇನೆ. ಕೇಳುಗರ ಕಿವಿ ಒಂದೆರಡು ನಿಮಿಷದಲ್ಲಿ ಒಂದೇ ಸಮನಾದ ಸುಯ್ ಸದ್ದನ್ನು ಮರೆಯುತ್ತದೆ, ಅಳಿಸಿಹೋದ ಅಕ್ಷರವನ್ನು ಮರೆಯುವುದಿಲ್ಲ.

ಫ್ಯಾನಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅದರ ಗಾಳಿಯ ಸದ್ದು ರೆಕ್ಕೆಗಳ ತಾಳಕ್ಕೆ ತಕ್ಕಂತೆ ಬಡಿಯುವುದರಿಂದ ನಾಯ್ಸ್ ರಿಡಕ್ಷನ್‌ಗೆ ಪೂರ್ತಿ ಸಿಕ್ಕುವುದಿಲ್ಲ. ಹೈ ಪಾಸ್ ಫಿಲ್ಟರಿನಲ್ಲಿ ಕೆಳಗಿನ ಭಾಗ, ನಾಯ್ಸ್ ರಿಡಕ್ಷನ್‌ನಲ್ಲಿ ಇನ್ನೊಂದಿಷ್ಟು ಹೋದದ್ದು ಹೋಯಿತು. ನಡುವೆ ಬರುವ ಬಾಗಿಲ ಸದ್ದು, ಪಾತ್ರೆಯ ಸದ್ದುಗಳನ್ನು ಸದ್ದನ್ನು ಕಾಲ ಮತ್ತು ಆವರ್ತನದ ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಟದಲ್ಲಿ ಒಂದೊಂದಾಗಿ ಆರಿಸಿ ತಗ್ಗಿಸಬಹುದು, ಆದರೆ ಅಕ್ಷರದ ಮೇಲೆ ಬಿದ್ದವನ್ನು ಮುಟ್ಟಬೇಡಿ. ಗೋಡೆಗಳ ಪ್ರತಿಧ್ವನಿ ಈ ಯಾವುದರಿಂದಲೂ ಹೋಗುವುದಲ್ಲ.

ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಬಹುದೇ ಎಂದು ನೀವು ಕೇಳಿಲ್ಲವಾದರೂ ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. 2022ರ ಸುಮಾರಿಗೆ ಬಳಕೆಗೆ ಬಂದ ಅಡೋಬಿಯ ಎನ್‌ಹಾನ್ಸ್ ಸ್ಪೀಚ್‌ನಂಥವು ವ್ಯಾಖ್ಯಾನದ ಗದ್ಯಭಾಗವನ್ನು ಬೆರಗಾಗುವಷ್ಟು ಸ್ವಚ್ಛ ಮಾಡಬಲ್ಲವು. ಆದರೆ ಅವು ಪಳಗಿರುವುದು ಮಾತಿನ ಮೇಲೆ. ಶ್ರುತಿಯನ್ನು ಅವು ಹಿನ್ನೆಲೆಯ ಗದ್ದಲವೆಂದು ತೆಗೆಯುವ, ರಾಗವಾಗಿ ಎಳೆದ ಸ್ವರವನ್ನು ತುಂಡುಮಾಡುವ ಅಪಾಯವಿದೆ. ಇನ್ನೂ ಗಂಭೀರವಾದದ್ದೆಂದರೆ, ಅಸ್ಪಷ್ಟವಾಗಿರುವ ಕಡೆ ಅಲ್ಲಿ ಏನಿರಬಹುದೋ ಅದನ್ನು ಊಹಿಸಿ ಹೊಸದಾಗಿ ಹುಟ್ಟಿಸುವ ಶಕ್ತಿ ಅವಕ್ಕಿದೆ. ಅಜ್ಜ ಉಚ್ಚರಿಸಿದ್ದು ಯಾವುದು, ಯಂತ್ರ ಊಹಿಸಿದ್ದು ಯಾವುದು ಎಂದು ಮುಂದೆ ಕೇಳುವವರಿಗೆ ತಿಳಿಯುವುದಿಲ್ಲ. ಅರ್ಥ ಬರೆದುಕೊಳ್ಳುವುದಕ್ಕೆಂದು ಬೇರೆ ಪ್ರತಿ ಮಾಡಿ ಬಳಸಿ. ಕುಟುಂಬಕ್ಕೆ ಹಂಚುವ ಪ್ರತಿಗೆ ಬೇಡ.

ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಟ್ಟು ಮಟ್ಟವನ್ನು ಏರಿಸಿ. ಮೊದಲೇ ಏರಿಸಿದರೆ ಸದ್ದೂ ಏರುತ್ತದೆ, ತೆಗೆದ ಮಾದರಿಯೂ ಕೆಲಸಕ್ಕೆ ಬಾರದಾಗುತ್ತದೆ. ಏನನ್ನೂ ಮುಟ್ಟದ ಮೂಲ ವೇವ್ ಕಡತವನ್ನು ಬೇರೆ ಎರಡು ಕಡೆ ಇಟ್ಟು, ಹಾಕಿದ ಫಿಲ್ಟರುಗಳ ಅಂಕಿಗಳನ್ನು ಅದರ ಜೊತೆಗೇ ಬರೆದಿಡಿ. ಐದು ವರ್ಷದಲ್ಲಿ ಇದಕ್ಕಿಂತ ಉತ್ತಮ ಉಪಕರಣ ಬಂದಾಗ ಮತ್ತೆ ಮೂಲದಿಂದಲೇ ಆರಂಭಿಸಬೇಕಾಗುತ್ತದೆ. ಒಂದು ಬದಿಗೆ ಹೊಂದಿಸಿದ ಅಂಕಿಗಳನ್ನು ಇನ್ನೊಂದು ಬದಿಗೆ ಹಾಗೆಯೇ ಹಾಕಬೇಡಿ. ಬೇರೆ ದಿನ, ಬೇರೆ ಕೋಣೆಯಲ್ಲಿ ಮುದ್ರಿಸಿದ್ದರೆ ಗುಂಯ್ ಸದ್ದಿನ ಶಿಖರಗಳು ಬೇರೆ ಜಾಗದಲ್ಲಿರುತ್ತವೆ, ಆದ್ದರಿಂದ ಪ್ಲಾಟ್ ಸ್ಪೆಕ್ಟ್ರಮ್ ಅನ್ನು ಪ್ರತಿ ಬದಿಗೂ ಹೊಸದಾಗಿ ತೆರೆಯಿರಿ.